ಆಟದೆಲೆಯ ಹಳದಿ

ಹಳದಿ ಬಣ್ಣಕ್ಕೆ ಮುಚ್ಚುವ ಶಕ್ತಿ ಕಡಿಮೆ. ಕಾಡಿಗೆಯ ಕಪ್ಪಾಗಲಿ, ಕಾವಿಯ ಕೆಂಪಾಗಲಿ ಒಂದೇ ಕೈಗೆ ಕೆಳಗಿನದನ್ನು ಮರೆಸಿಬಿಡುತ್ತವೆ. ಹಳದಿಗೆ ಅದು ಸಾಧ್ಯವಿಲ್ಲ. ಕಟ್ಟಿಗೆಯ ಕಂದು ಮೈಮೇಲೆ ಬಳಿದರೆ ಅದು ಮಣ್ಣಿನಂತೆ ಮಂಕಾಗುತ್ತದೆ, ಕಪ್ಪಿನ ಮೇಲೆ ಬಿದ್ದರೆ ಹಸಿರಿಗೆ ತಿರುಗುತ್ತದೆ, ದಪ್ಪಗೆ ಮೆತ್ತಿದರೆ ಗಂಟುಗಟ್ಟಿ ಬಿರಿಯುತ್ತದೆ. ಬೆರಳ ತುದಿಯಷ್ಟು ದೊಡ್ಡ ಪಗಡೆಕಾಯಿ, ಗಂಜೀಫ ಎಂಬ ಎಲೆಯಾಟದ, ಅಂಗೈಯಲ್ಲಿ ಅಡಗುವ ಎಲೆ, ಇಂಥ ಸಣ್ಣ ಸಾಮಾನುಗಳ ಮೇಲೆ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ. ಆದ್ದರಿಂದ ಆಟದ ಸಾಮಾನಿಗೆ ಹಳದಿ ಹಚ್ಚುವ ಕಸುಬು ಬಹುಮಟ್ಟಿಗೆ ಒಂದೇ ದಾರಿ ಹಿಡಿದಿದೆ. ಮೊದಲು ಶುಭ್ರವಾದ ಬಿಳಿ ಹಾಸು, ಅದರ ಮೇಲೆ ನೀರಿನಂತೆ ಹರಿಯುವ ತೆಳು ಹಳದಿ, ಅದು ಒಣಗಿದ ಬಳಿಕ ಇನ್ನೊಂದು ತೆಳು ಲೇಪ. ಬೆಳಕು ಹಳದಿಯ ಪದರವನ್ನು ದಾಟಿ ಬಿಳಿಗೆ ತಾಗಿ ಮತ್ತೆ ಅದೇ ಪದರದ ಮೂಲಕ ಹೊರಬರುತ್ತದೆ. ಕಣ್ಣಿಗೆ ಕಾಣುವ ಕಾಂತಿಯಲ್ಲಿ ಅಡಿಯ ಬಿಳಿಯ ಪಾಲು ದೊಡ್ಡದು.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳು ಈ ಕಸುಬಿನ ಇತಿಹಾಸಕ್ಕೆ ನಡುಮನೆಯಂಥ ಜಾಗದಲ್ಲಿವೆ. ಆಳಂದದ ಉತ್ತರಕ್ಕೆ ಚಾಲುಕ್ಯರ ರಾಜಧಾನಿ ಕಲ್ಯಾಣ, ಅಫಜಲಪುರದ ದಕ್ಷಿಣ-ಪಶ್ಚಿಮಕ್ಕೆ ಆದಿಲ್‌ಶಾಹಿಗಳ ವಿಜಯಪುರ, ಜೇವರ್ಗಿಯ ದಕ್ಷಿಣಕ್ಕೆ ನಾಯಕರ ಸುರಪುರ, ನಡುವೆ ಬಹಮನಿಗಳ ಕಲಬುರಗಿ. ಚಿತ್ರ ಬರೆಯುವವರನ್ನು ಸಾಕಿದ ನಾಲ್ಕು ಆಸ್ಥಾನಗಳ ನಡುವಿನ ಸೀಮೆ ಇದು. ಹೊಲದಲ್ಲಿ ಜೋಳ ಮತ್ತು ತೊಗರಿ, ಬದುವಿನಲ್ಲಿ ಕರಿಜಾಲಿ. ಬಣ್ಣ ಕಟ್ಟಲು ಬೇಕಾದ ಅಂಟು ಆ ಜಾಲಿಯ ತೊಗಟೆಯಿಂದಲೇ ಒಸರುತ್ತಿತ್ತು.

ಈ ಸೀಮೆಯ ಬಣ್ಣದ ಇತಿಹಾಸಕ್ಕೆ ಮೊದಲ ಗಟ್ಟಿ ಆಧಾರ 12ನೇ ಶತಮಾನದ್ದು. ಆಳಂದ ಆಗ ‘ಅಳಂದೆ ಸಾಸಿರ’ ಎಂಬ ಆಡಳಿತ ವಿಭಾಗದ ಮುಖ್ಯ ಊರು. ಕಲ್ಯಾಣದಲ್ಲಿ ಆಳುತ್ತಿದ್ದ ಮೂರನೆಯ ಸೋಮೇಶ್ವರನ ಹೆಸರಿನಲ್ಲಿ 1129ರ ಸುಮಾರಿಗೆ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ಸಿದ್ಧವಾಯಿತು. ಐದು ವಿಂಶತಿಗಳು, ಒಂದೊಂದರಲ್ಲೂ ಇಪ್ಪತ್ತು ಅಧ್ಯಾಯಗಳು, ಒಟ್ಟು ನೂರು. ಅರಸನ ಆಡಳಿತದಿಂದ ಅಡುಗೆಮನೆಯವರೆಗೆ ಎಲ್ಲವನ್ನೂ ಒಳಗೊಂಡ ಈ ಗ್ರಂಥದಲ್ಲಿ ಚಿತ್ರಕಲೆಯೂ ಇದೆ, ಕುಳಿತು ಆಡುವ ಆಟಗಳೂ ಇವೆ. ಮೂರನೆಯ ವಿಂಶತಿಯಲ್ಲಿ ಅರಮನೆಯ ಗೋಡೆಗೆ ಚಿತ್ರ ಬರೆಯುವ ಕ್ರಮ ಬರುತ್ತದೆ. ಕೊನೆಯದಾದ ಕ್ರೀಡಾ ವಿಂಶತಿಯಲ್ಲಿ ಚದುರಂಗ, ದಾಳದಾಟ, ಕವಡೆಯಾಟಗಳ ವಿವರಣೆ ಬರುತ್ತದೆ. ಬಣ್ಣ ಅರೆಯುವ ಕ್ರಮಕ್ಕೂ ಕಾಯಿ ನಡೆಸುವ ಕ್ರಮಕ್ಕೂ ಒಂದೇ ಹೊತ್ತಗೆಯಲ್ಲಿ ಸಮಾನ ಗೌರವ ಸಿಕ್ಕದ್ದು ಗಮನಿಸಬೇಕಾದ ಸಂಗತಿ. ಆಟದ ಸಾಮಾನನ್ನು ಕೀಳಾಗಿ ಕಾಣುವ ದೃಷ್ಟಿ ಆ ಆಸ್ಥಾನಕ್ಕೆ ಇರಲಿಲ್ಲ.

ಮಾನಸೋಲ್ಲಾಸದ ಚಿತ್ರವಿಧಾನ ಹಾಸಿನಿಂದಲೇ ಆರಂಭವಾಗುತ್ತದೆ. ಎಮ್ಮೆಯ ತೊಗಲನ್ನು ಬೆಣ್ಣೆಯಂತಾಗುವ ತನಕ ನೀರಲ್ಲಿ ಕುದಿಸಿ, ಕಡ್ಡಿಗಳಾಗಿ ಒಣಗಿಸಿ ಇಟ್ಟುಕೊಂಡರೆ ಅದು ವಜ್ರಲೇಪ. ಬೇಕಾದಾಗ ಬಿಸಿನೀರಿನಲ್ಲಿ ಕರಗಿಸಿ ಬಿಳಿ ಮಣ್ಣಿನೊಡನೆ ಬೆರೆಸಿ ಗೋಡೆಗೆ ತೆಳುವಾಗಿ ಬಳಿಯಬೇಕು. ಕರುವಿನ ಕಿವಿಯ ಕೂದಲನ್ನು ಅರಗಿನಿಂದ ಅಂಟಿಸಿ ಮಾಡಿದ ಕುಂಚ, ದಪ್ಪ, ನಡುವಣ, ಸಣ್ಣ ಎಂದು ಬೇರೆ ಬೇರೆ ಅಳತೆಯಲ್ಲಿರಬೇಕು. ಶುದ್ಧವರ್ಣಗಳಲ್ಲಿ ಬಿಳಿಗೆ ಶಂಖದ ಪುಡಿ, ಕೆಂಪಿಗೆ ಇಂಗಳೀಕ, ಅರಗಿನ ರಸ ಮತ್ತು ಕಾವಿ, ಕಪ್ಪಿಗೆ ಕಾಡಿಗೆ, ಹಳದಿಗೆ ಹರಿತಾಳ. ನೀಲಿಯೊಡನೆ ಹರಿತಾಳ ಸೇರಿದರೆ ಹಸಿರು. ರೂಪದ ಉಬ್ಬುತಗ್ಗು ತೋರಿಸಲು ಒಂದೇ ಬಣ್ಣವನ್ನು ಕೆಲವೆಡೆ ಉಜ್ಜ್ವಲವಾಗಿಯೂ ಕೆಲವೆಡೆ ಶ್ಯಾಮಲವಾಗಿಯೂ ನಿಲ್ಲಿಸಬೇಕೆಂಬ ಸೂಚನೆಯೂ ಅಲ್ಲಿದೆ. ಇದು ಗೋಡೆಚಿತ್ರಕ್ಕೆ ಹೇಳಿದ ಮಾತು. ಆದರೂ ಬಿಳಿ ಹಾಸು, ಅಂಟು, ಸಣ್ಣ ಕುಂಚ, ತೆಳು ಪದರ ಎಂಬ ಈ ಸರಣಿಯೇ ಮುಂದಿನ ಶತಮಾನಗಳಲ್ಲಿ ಸಣ್ಣ ಆಟದೆಲೆಗಳ ಮೇಲೂ ನಡೆದುಬಂತು.

ಹರಿತಾಳವನ್ನು ಕನ್ನಡದಲ್ಲಿ ಅರದಾಳ ಎನ್ನುತ್ತಾರೆ. ಅದೊಂದು ಖನಿಜ, ಗಂಧಕ ಮತ್ತು ಆರ್ಸೆನಿಕ್ ಕೂಡಿದ ಹೊಳಪಿನ ಕಲ್ಲು. ಒಡೆದರೆ ಅಭ್ರಕದಂತೆ ಪದರು ಪದರಾಗಿ ಬಿಚ್ಚಿಕೊಳ್ಳುತ್ತದೆ, ಒಳಗೆ ಚಿನ್ನದ ಮಿನುಗು. ಆ ಪದರುಗಳು ಕಲ್ಲಿನ ಮೇಲೆ ಸುಲಭವಾಗಿ ಅರೆಯುವುದಿಲ್ಲ, ಜಾರಿ ಹೋಗುತ್ತವೆ. ನೀರು ಹಾಕಿ ದಿನವಿಡೀ ಅರೆದು, ಬಟ್ಟಲಲ್ಲಿ ಕಲಕಿ, ದಪ್ಪ ಕಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಬೇರೆ ಬಟ್ಟಲಿಗೆ ಬಸಿದುಕೊಳ್ಳಬೇಕು. ಆ ತಿಳಿಯಲ್ಲಿ ತೇಲುವ ನುಣುಪು ಕಣವೇ ತೆಳು ಲೇಪಕ್ಕೆ ತಕ್ಕದ್ದು. ತಳದ ದಪ್ಪ ಕಣ ಹೆಚ್ಚು ಮಿನುಗುತ್ತದೆ, ಆದರೆ ಹರಿಯುವುದಿಲ್ಲ. ಹೀಗೆ ಒಂದೇ ಕಲ್ಲಿನಿಂದ ಎರಡು ಹಳದಿಗಳು ಹುಟ್ಟುತ್ತಿದ್ದವು.

ಅರದಾಳಕ್ಕೆ ಎರಡು ದೊಡ್ಡ ಅವಗುಣಗಳಿವೆ. ಒಂದು, ಅದು ವಿಷ. ಹಳೆಯ ಕಾಗದದ ಹಸ್ತಪ್ರತಿಗಳಿಗೆ ಹುಳು ಹಿಡಿಯದಿರಲೆಂದು ಅರದಾಳ ಬಳಿಯುತ್ತಿದ್ದುದು, ತಪ್ಪಾದ ಅಕ್ಷರಗಳನ್ನು ಅದೇ ಹಳದಿಯಿಂದ ಮುಚ್ಚಿ ಮೇಲೆ ತಿದ್ದಿ ಬರೆಯುತ್ತಿದ್ದುದು ಎರಡೂ ರೂಢಿಯಲ್ಲಿದ್ದವು. ಸುಣ್ಣದೊಡನೆ ಕಲಸಿ ಮೈಯ ಕೂದಲು ತೆಗೆಯಲೂ ಬಳಸುತ್ತಿದ್ದರು. ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡುವ ಅಭ್ಯಾಸವಿದ್ದ ಬಣ್ಣಗಾರನಿಗೆ ಇದು ನಿಜವಾದ ಅಪಾಯ. ಎರಡು, ಸೀಸದ ಬಿಳಿ ಅಥವಾ ತಾಮ್ರದ ಹಸಿರಿನ ಪಕ್ಕದಲ್ಲಿ ಅದು ಬಹುಕಾಲ ಬಾಳುವುದಿಲ್ಲ. ಅರದಾಳದ ಗಂಧಕ ಸೀಸದೊಡನೆ, ತಾಮ್ರದೊಡನೆ ಕೂಡಿ ಕಪ್ಪಾಗುತ್ತದೆ. ಶಂಖದ ಪುಡಿಯಂಥ ಸುಣ್ಣದ ಬಿಳಿಯ ಮೇಲೆ ಆ ತೊಂದರೆ ಇಲ್ಲ. ಮಾನಸೋಲ್ಲಾಸದ ಬಿಳಿ ಮತ್ತು ಹಳದಿ ಒಂದಕ್ಕೊಂದು ಹೊಂದುವ ಜೋಡಿ ಎಂಬುದು ಇದರಿಂದ ತಿಳಿಯುತ್ತದೆ.

ಹಳದಿಯ ಉಳಿದ ಮೂಲಗಳು ಊರಿಗೆ ಇನ್ನೂ ಹತ್ತಿರದವು. ಅರಿಶಿನ ಮನೆಮನೆಯಲ್ಲೂ ಇತ್ತು. ಮೈಲಾರಲಿಂಗನ ಭಂಡಾರವೂ ಅದೇ. ಆದರೆ ಬಿಸಿಲಿಗೆ ಬಹುಬೇಗ ಮಾಸುತ್ತದೆ, ಸುಣ್ಣ ತಾಗಿದರೆ ಕೆಂಪಾಗುತ್ತದೆ, ಹಾಗಾಗಿ ಓಕುಳಿಗೆ ಒಳ್ಳೆಯದು, ಸುಣ್ಣದ ಹಾಸಿನ ಚಿತ್ರಕ್ಕೆ ಅಲ್ಲ. ಮುತ್ತಲದ ಹೂವನ್ನು ಕುದಿಸಿದರೆ ಬರುವ ಕಿತ್ತಳೆ ಛಾಯೆಯ ಹಳದಿ ಹೋಳಿಗೆ ಮೀಸಲಾಯಿತು. ಹಳದಿ ಜೇಡಿ ಅಗ್ಗದ್ದು, ಬಿಸಿಲಿಗೂ ಸುಣ್ಣಕ್ಕೂ ಜಗ್ಗದ್ದು, ಆದರೆ ಮಂಕು. ಸುಣ್ಣದಲ್ಲಿ ಕಲಸಿ ಮನೆಯ ಗೋಡೆಗೆ ಬಳಿಯುವ ಹಳದಿ ಅದೇ. ಗಡಿಯಾಚೆಯ ಮರಾಠಿಯಲ್ಲಿ ಅದನ್ನು ಪಿವಡಿ ಎನ್ನುತ್ತಾರೆ. ಕಿರುಚಿತ್ರಗಾರರ ದುಬಾರಿ ಹಳದಿಯ ಹೆಸರು ‘ಪಿಯೂರಿ’. ಎರಡು ಹೆಸರುಗಳೂ ಕಿವಿಗೆ ಒಂದೇ ಮನೆಯವರಂತೆ ಕೇಳುತ್ತವೆ.

ಆಟದ ಸಾಮಾನುಗಳಲ್ಲಿ ಹಳದಿ ಬಹುಕಾಲ ಕಡ್ಡಾಯವಾಗಿದ್ದದ್ದು ಪಗಡೆಯಲ್ಲಿ. ಉತ್ತರ ಕರ್ನಾಟಕದ ಮಾತಿನಲ್ಲಿ ಪಗಡಿ. ಬಟ್ಟೆಯ ಹಾಸಿನ ಮೇಲೆ ನಾಲ್ಕು ತೋಳು, ನಾಲ್ಕು ಬಣ್ಣ, ಬಣ್ಣಕ್ಕೆ ನಾಲ್ಕರಂತೆ 16 ಕಾಯಿ. ಹಳದಿ ಮತ್ತು ಕಪ್ಪು ಒಂದು ಜೋಡಿ, ಕೆಂಪು ಮತ್ತು ಹಸಿರು ಇನ್ನೊಂದು ಜೋಡಿ. ಕಾಯಿಗಳನ್ನು ತಿರುಗಣಿಗೆ ಕಟ್ಟಿ ಉಳಿಯಿಂದ ಕೊರೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜುವಿಕೆಯ ಕಾವಿಗೆ ಅರಗು ಕರಗಿ ಕಟ್ಟಿಗೆಯ ಮೈಗೆ ತೆಳುವಾಗಿ ಹರಡುತ್ತದೆ. ಆಮೇಲೆ ಒಣ ಎಲೆಯೊಂದನ್ನು ಒತ್ತಿ ಹಿಡಿದರೆ ಹೊಳಪೇಳುತ್ತದೆ. ಇಲ್ಲಿ ಬಿಳಿ ಹಾಸಿನ ಉಪಾಯ ನಡೆಯುವುದಿಲ್ಲ, ಏಕೆಂದರೆ ಅರಗಿಗೆ ಹುಟ್ಟಿನಿಂದಲೇ ಜೇನಿನ ಬಣ್ಣ. ಹಳದಿಯನ್ನು ಅರಗಿನೊಳಗೇ ಸೇರಿಸಬೇಕು. ಅದಕ್ಕೆ ಅರದಾಳವನ್ನು ಅರಗಿನೊಡನೆ ಬಿಸಿಯಲ್ಲಿ ನಾದಿ ನಾದಿ ಎಳೆಯುತ್ತಿದ್ದರು. ಹಸಿರು ಅರಗಿಗೂ ಅದೇ ಅರದಾಳ, ಜೊತೆಗೆ ನೀಲಿ. ಹೀಗೆ ಪಗಡೆಯ ನಾಲ್ಕು ಬಣ್ಣಗಳಲ್ಲಿ ಎರಡು ಆ ಒಂದೇ ವಿಷದ ಕಲ್ಲನ್ನು ನಂಬಿಕೊಂಡಿದ್ದವು.

1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾಗಿ ಕಲಬುರಗಿ ರಾಜಧಾನಿಯಾದ ಮೇಲೆ ಇರಾನ್ ಮತ್ತು ಮಧ್ಯ ಏಷ್ಯಾದ ಜನ, ಪುಸ್ತಕ, ಆಟಗಳು ದಖ್ಖನಿಗೆ ಬರುವ ದಾರಿ ಅಗಲವಾಯಿತು. ಫಿರೋಜ್ ಷಾ ಬಹಮನಿ ಕಟ್ಟಿಸಿದ ಫಿರೋಜಾಬಾದ್ ಭೀಮಾ ನದಿಯ ದಂಡೆಯಲ್ಲೇ ಇದೆ, ಕಲಬುರಗಿಯಿಂದ ಜೇವರ್ಗಿಯ ಕಡೆಗೆ ಹೋಗುವ ದಿಕ್ಕಿನಲ್ಲಿ. ಬಹಮನಿಗಳ ನಂತರ ಈ ಸೀಮೆ ವಿಜಯಪುರದ ಪಾಲಾಯಿತು. ಅಲ್ಲಿ 1570ರಲ್ಲಿ ಚಿತ್ರಗಳೊಡನೆ ಸಿದ್ಧವಾದ ‘ನುಜೂಮ್ ಅಲ್-ಉಲೂಮ್’ ಹಸ್ತಪ್ರತಿ, ಎರಡನೆಯ ಇಬ್ರಾಹಿಂ ಆದಿಲ್ ಷಾನ ಕಾಲದ ಕಿರುಚಿತ್ರಗಳು ಚಿನ್ನ ಮತ್ತು ಹಳದಿಯನ್ನು ಧಾರಾಳವಾಗಿ ಬಳಸಿದ ದಖ್ಖನಿ ಶೈಲಿಗೆ ಸಾಕ್ಷಿ.

ಗಂಜೀಫದ ಹೆಸರು ಭಾರತದಲ್ಲಿ ಮೊದಲು ಸ್ಪಷ್ಟವಾಗಿ ಕಾಣುವುದು ಬಾಬರನ ದಿನಚರಿಯಲ್ಲಿ. 1527ರಲ್ಲಿ ಆತ ಸಿಂಧ್‌ನ ಷಾ ಹಸನನಿಗೆ ಗಂಜೀಫ ಎಲೆಗಳನ್ನು ಕಳಿಸಿದ. ಅಕ್ಬರನ ಆಸ್ಥಾನದ ಗಂಜೀಫವನ್ನು ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ವಿವರಿಸಿದ್ದಾನೆ. ಹೆಚ್ಚು ರೂಢಿಯಾದ ಆವೃತ್ತಿಯಲ್ಲಿ 8 ರಂಗು, ರಂಗಿಗೆ 12 ಎಲೆ, ಒಟ್ಟು 96. ಪ್ರತಿ ರಂಗಿಗೂ ಒಬ್ಬ ರಾಜ, ಒಬ್ಬ ಮಂತ್ರಿ, ಒಂದರಿಂದ ಹತ್ತರ ತನಕ ಎಣಿಕೆಯ ಎಲೆಗಳು. ದಕ್ಷಿಣದಲ್ಲಿ ಇದೇ ಆಟ ದಶಾವತಾರದ ರೂಪ ಪಡೆದು 10 ರಂಗು, 120 ಎಲೆಯಾಯಿತು. ಮತ್ಸ್ಯಕ್ಕೆ ಮೀನು, ಕೂರ್ಮಕ್ಕೆ ಆಮೆ, ವಾಮನನಿಗೆ ಕಮಂಡಲು, ಪರಶುರಾಮನಿಗೆ ಕೊಡಲಿ. ಐದು ರಂಗುಗಳಲ್ಲಿ ಮಂತ್ರಿಯ ಕೆಳಗೆ ಹತ್ತು ಮೇಲು, ಇನ್ನೈದರಲ್ಲಿ ಒಂದು ಮೇಲು. ಎಲೆಗಳು ದುಂಡಗೆ. ರಂಗು ಗುರುತಿಸಲು ಆಟಗಾರ ಮೊದಲು ನೋಡುವುದು ಹಿನ್ನೆಲೆಯ ಬಣ್ಣವನ್ನು. ಒಂದು ರಂಗಿನ ಹನ್ನೆರಡೂ ಎಲೆಗಳಲ್ಲಿ ಹಳದಿ ಒಂದೇ ಸಮ ಬರಲೇಬೇಕಾಗಿತ್ತು. ಬಣ್ಣ ಹೆಚ್ಚುಕಡಿಮೆಯಾದರೆ ಎದುರಾಳಿ ಎಲೆಯನ್ನು ತಪ್ಪಾಗಿ ಓದುತ್ತಾನೆ, ಇಲ್ಲವೇ ಕಳ್ಳಗುರುತು ಸಿಕ್ಕಿಬಿಡುತ್ತದೆ. ಅಂದದ ಮಾತು ಬೇರೆ. ತೆಳು ಲೇಪದ ಶಿಸ್ತು ಆಟದ ನ್ಯಾಯಕ್ಕೂ ಬೇಕಾಗಿತ್ತು.

96 ಎಲೆಯ ಕಟ್ಟಿನಲ್ಲಿ ‘ಸುರ್ಖ್’ ಎಂಬ ರಂಗು ಚಿನ್ನದ ನಾಣ್ಯದ್ದು, ‘ಸಫೇದ್’ ಬೆಳ್ಳಿಯದು. ಹಗಲಿನಲ್ಲಿ ಸುರ್ಖ್‌ನ ರಾಜನಿಂದ, ರಾತ್ರಿಯಲ್ಲಿ ಸಫೇದ್‌ನ ರಾಜನಿಂದ ಆಟ ಆರಂಭ. ಒಂದು ಸೂರ್ಯ, ಇನ್ನೊಂದು ಚಂದ್ರ. ಸುರ್ಖ್‌ನ ಹತ್ತನೆಯ ಎಲೆಯನ್ನು ತೆಗೆದುಕೊಂಡರೆ ಕಸುಬಿನ ಪೂರ್ತಿ ಕಷ್ಟ ಅದರಲ್ಲೇ ಕಾಣುತ್ತದೆ. ಬಟ್ಟೆ ಅಥವಾ ಕಾಗದದ ಪದರುಗಳನ್ನು ಹುಣಸೆ ಬೀಜದ ಅಂಟಿನಿಂದ ಒಂದರ ಮೇಲೊಂದು ಕೂರಿಸಿ, ಬಿಳಿ ಮಣ್ಣು ಬಳಿದು, ಹಕೀಕ್ ಕಲ್ಲಿನಿಂದ ಗಾಜಿನಂತೆ ಉಜ್ಜಿ, ದುಂಡಗೆ ಕತ್ತರಿಸಿದ ಎಲೆ ಅದು. ಅದರ ಮೇಲೆ ಹತ್ತು ನಾಣ್ಯ, ಒಂದೊಂದೂ ತೊಗರಿಕಾಳಿಗಿಂತ ಸ್ವಲ್ಪ ದೊಡ್ಡದು. ಹಿನ್ನೆಲೆಯ ಗಾಢ ಬಣ್ಣದ ಮೇಲೆ ನೇರವಾಗಿ ಹಳದಿ ಹಚ್ಚಿದರೆ ಅದು ಮುಳುಗಿಹೋಗುತ್ತದೆ. ಆದ್ದರಿಂದ ಮೊದಲು ಹತ್ತು ಬಿಳಿ ಬೊಟ್ಟು. ಬಿಳಿ ಒಣಗಿದ ಮೇಲೆ ಕುಂಚದ ತುದಿಗೆ ನೀರಾದ ಹಳದಿ ತುಂಬಿಕೊಂಡು ಬೊಟ್ಟಿನ ನಡುವಿಗೆ ತಾಗಿಸಬೇಕು. ಹನಿ ತಾನಾಗಿ ಹರಡಿ ಬಿಳಿಯ ಅಂಚಿಗೆ ಬಂದು ನಿಲ್ಲುತ್ತದೆ. ಅಂಚಿನಲ್ಲಿ ಬಣ್ಣ ತುಸು ಗಟ್ಟಿಯಾಗುವುದರಿಂದ ನಡು ಬೆಳಗಿ ಸುತ್ತ ಗಾಢವಾಗಿ ನಾಣ್ಯ ಉಬ್ಬಿದಂತೆ ತೋರುತ್ತದೆ. ಹತ್ತನೆಯ ಬೊಟ್ಟು ಮುಗಿಯುವ ಹೊತ್ತಿಗೆ ಮೊದಲನೆಯದು ಒಣಗಿರುತ್ತದೆ, ಎರಡನೆಯ ಸುತ್ತು ಆರಂಭ. ಮೊದಲ ಪದರ ಹಸಿ ಇರುವಾಗಲೇ ಕೈಯಿಟ್ಟರೆ ಅಂಟು ಕರಗಿ ಬಿಳಿ ಮೇಲೆದ್ದು ಬರುತ್ತದೆ. ಕೊನೆಗೆ ಇಂಗಳೀಕದ ಕೆಂಪಿನಿಂದ ಹೊರಗೆರೆ. ಕಪ್ಪು ಗೆರೆಯೂ ಉಂಟು, ಆದರೆ ಹಳದಿಯ ಮೇಲೆ ಹರಡಿದ ಕಪ್ಪು ಹಸಿರಾಗುತ್ತದೆಂದು ನೆರಳಿಗೆ ಕೆಂಪನ್ನೋ ಕಾವಿಯನ್ನೋ ಬಳಸುವುದೇ ಸರಿಯಾದ ಕ್ರಮ.

ಎಲ್ಲದರ ಮೇಲೆ ಅರಗಿನ ಮೆರುಗೆಣ್ಣೆ. ಬೆವರಿದ ಕೈಗಳಲ್ಲಿ ದಿನವಿಡೀ ತಿರುಗುವ ಎಲೆಗೆ ಆ ಕವಚ ಬೇಕೇ ಬೇಕು. ಆದರೆ ಅರಗಿನದೂ ಒಂದು ಹಳದಿ ಲೇಪವೇ, ಬಣ್ಣಗಾರ ಬಯಸದೆ ಬರುವ ಲೇಪ. ಅದು ಬಿಳಿಯನ್ನು ಕೆನೆಯಾಗಿಸುತ್ತದೆ, ನೀಲಿಯನ್ನು ಹಸಿರಿನತ್ತ ಎಳೆಯುತ್ತದೆ, ವರ್ಷಗಳು ಕಳೆದಂತೆ ಇನ್ನೂ ಕಂದಾಗುತ್ತದೆ. ಹಳದಿಗೆ ಮಾತ್ರ ಅದರಿಂದ ಕೇಡಿಲ್ಲ, ಕಾವೇರಿದಂತೆ ಇನ್ನಷ್ಟು ತುಂಬಿಕೊಳ್ಳುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಉಳಿದ ಹಳೆಯ ಕಟ್ಟುಗಳಲ್ಲಿ ಬೇರೆ ಬಣ್ಣಗಳು ಮಂಕಾದರೂ ಹಳದಿ ಬೆಚ್ಚಗೆ ಕಾಣುವುದಕ್ಕೆ ಇದೂ ಒಂದು ಕಾರಣ.

ಜೇವರ್ಗಿಗೆ ಹತ್ತಿರದ ಚಿತ್ರಕೇಂದ್ರ ಸುರಪುರ. ವಿಜಯಪುರದ ಆಸ್ಥಾನ ಮುರಿದ ಮೇಲೆ ಈ ಭಾಗದ ಚಿತ್ರಗಾರರಿಗೆ ಬೆಂಬಲವಾಗಿ ನಿಂತವರು ಸುರಪುರದ ನಾಯಕ ಅರಸರು. 18 ಮತ್ತು 19ನೇ ಶತಮಾನಗಳಲ್ಲಿ ಅಲ್ಲಿ ಬೆಳೆದ ಶೈಲಿ ಮೈಸೂರು, ತಂಜಾವೂರು ಶೈಲಿಗಳ ಸೋದರಿ. ದೇವತೆಗಳು, ಅರಸರು, ಮೆರವಣಿಗೆಗಳು, ಚಿನ್ನದ ರೇಕು, ಅತಿ ಸೂಕ್ಷ್ಮ ರೇಖೆ. 1841ರಿಂದ ಕೆಲವು ವರ್ಷ ಇಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಬಾಲಕ ರಾಜಾ ವೆಂಕಟಪ್ಪ ನಾಯಕನ ಬೆಳವಣಿಗೆಯನ್ನು ನೋಡಿಕೊಂಡವನು. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಸೆರೆಸಿಕ್ಕ ವೆಂಕಟಪ್ಪ ನಾಯಕ ಅದೇ ವರ್ಷ ಸೆರೆಯಲ್ಲಿದ್ದಾಗಲೇ ಗುಂಡೇಟಿನಿಂದ ಸತ್ತ. ಸಂಸ್ಥಾನ ನಿಜಾಮನ ಕೈಸೇರಿತು. ಕುಂಚ ಹಿಡಿದವರ ಅನ್ನದ ಮೂಲ ಒಂದೇ ಏಟಿಗೆ ಒಣಗಿತು. ಸುರಪುರದ ನಷ್ಟವನ್ನು ಅರಸೊತ್ತಿಗೆಯ ಕಥೆಯಾಗಿ ಮಾತ್ರ ಹೇಳುವುದು ರೂಢಿ. ಚಿತ್ರಗಾರರ ಓಣಿಗೆ ಆದ ನಷ್ಟವೂ ಅಷ್ಟೇ ದೊಡ್ಡದು. ಕಲಬುರಗಿಯ ಕಲಾವಿದ ವಿಜಯ ಹಾಗರಗುಂಡಗಿ ಈ ಶೈಲಿಯನ್ನು ಮತ್ತೆ ಬೆಳಕಿಗೆ ತರಲು ದುಡಿದವರಲ್ಲಿ ಮುಖ್ಯರು.

ಆಟದೆಲೆಯ ಚಿತ್ರಕಲೆ ಅದೇ ಶತಮಾನದಲ್ಲಿ ದಕ್ಷಿಣದಲ್ಲಿ ತುದಿ ಮುಟ್ಟಿತ್ತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫವನ್ನು ‘ಚದ’ ಎಂಬ ಹೆಸರಿನಲ್ಲಿ ಹಿಗ್ಗಿಸಿ ಹದಿಮೂರು ಆಟಗಳನ್ನು ರೂಪಿಸಿದರು. ಅವರ ಗ್ರಂಥ ‘ಶ್ರೀತತ್ತ್ವನಿಧಿ’ಯ ‘ಕೌತುಕನಿಧಿ’ ಭಾಗದಲ್ಲಿ ಅವುಗಳ ವಿವರಣೆ ಇದೆ. ಚಾಮುಂಡೇಶ್ವರಿ ಚದಕ್ಕೆ 320 ಎಲೆ, ಜಗನ್ಮೋಹನ ಚದಕ್ಕೆ 360, ಕೃಷ್ಣರಾಜ ಚದಕ್ಕೆ 72. ಇಷ್ಟು ಎಲೆಗಳನ್ನು ಒಂದೇ ಹದದಲ್ಲಿ ಬರೆಯಲು ಎಷ್ಟು ಕೈ, ಎಷ್ಟು ತಾಳ್ಮೆ ಬೇಕೆಂದು ಊಹಿಸಬಹುದು. ಮೈಸೂರಿನ ಹಳದಿ ಬೇರೆ. ಪಶ್ಚಿಮಘಟ್ಟದ ಅರಿಶಿನಗುರುಗಿಯಂಥ ಮರಗಳು ಸುರಿಸುವ ಹಳದಿ ಹಾಲು ಗಟ್ಟಿಯಾದಾಗ ನೀರಿಗೆ ಸುಲಭವಾಗಿ ಕರಗುವ ಪಾರದರ್ಶಕ ಬಣ್ಣ ಸಿಗುತ್ತದೆ. ತೆಳು ಲೇಪಕ್ಕೆಂದೇ ಹುಟ್ಟಿದಂಥ ಹಳದಿ ಅದು. ಅದನ್ನೇ ಸೀಸದ ಬಿಳಿ ಮತ್ತು ಅಂಟಿನೊಡನೆ ಕಲಸಿದರೆ ಮಕ್ಕಿ ಸಫೇದ. ಚಿನ್ನದ ರೇಕು ಕೂರಿಸುವ ಮುನ್ನ ಮೈಸೂರು ಚಿತ್ರಗಾರರು ಇದರಿಂದಲೇ ಉಬ್ಬುಗೆಲಸ ಮಾಡುತ್ತಾರೆ. ಗಂಧಕವಿಲ್ಲದ ಈ ಹಳದಿಗೆ ಸೀಸದೊಡನೆ ಅರದಾಳದಂತೆ ಜಗಳವಿಲ್ಲ. ರೇಕು ಕೂದಲೆಳೆಯಷ್ಟು ಬಿರಿದರೂ ಅಡಿಯಿಂದ ಇಣುಕುವುದು ಹಳದಿಯೇ ಆದ್ದರಿಂದ ಕಣ್ಣಿಗೆ ಬೀಳುವುದಿಲ್ಲ. ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ಬೊಂಬೆಗಳಿಗೆ ಇದನ್ನೇ ತಲೆಕೆಳಗು ಮಾಡಿದರು. ಅವರ ಲಾಜವಾರ ವಿಧಾನದಲ್ಲಿ ತವರವನ್ನು ಅಂಟಿನೊಡನೆ ಅರೆದು ಬಳಿದು, ಉಜ್ಜಿ ಬೆಳ್ಳಿಯ ಹೊಳಪು ತರುತ್ತಾರೆ. ಅದರ ಮೇಲೆ ಹಳದಿ ಛಾಯೆಯ ಮೆರುಗೆಣ್ಣೆ ಎಳೆದರೆ ತವರ ಚಿನ್ನವಾಗುತ್ತದೆ. ಮೈಸೂರಿನಲ್ಲಿ ಚಿನ್ನದ ಕೆಳಗೆ ಹಳದಿ, ಕಿನ್ನಾಳದಲ್ಲಿ ಹಳದಿಯೇ ಚಿನ್ನ.

ಕೈಯಿಂದ ಚಿತ್ರಿಸಿದ ಎಲೆಗಳ ಕಾಲ ಮುಗಿದದ್ದು ಯಂತ್ರಗಳಿಂದ. ಲಂಡನ್ನಿನ ಥಾಮಸ್ ಡಿ ಲಾ ರೂ 1830ರ ದಶಕದ ಆರಂಭದಲ್ಲಿ ಇಸ್ಪೀಟು ಎಲೆಗಳನ್ನು ಬಣ್ಣದಲ್ಲಿ ಅಚ್ಚು ಹಾಕುವ ಹಕ್ಕುಪತ್ರ ಪಡೆದ. 19ನೇ ಶತಮಾನದ ಕೊನೆಗೆ ಯುರೋಪಿನ ಅಚ್ಚಿನ ಕಟ್ಟುಗಳು ಭಾರತದ ಪೇಟೆಗಳನ್ನು ತುಂಬಿದವು. 1871ರಲ್ಲಿ ಸೋಲಾಪುರ, ಕಲಬುರಗಿಗಳನ್ನು ಹಾದು ರಾಯಚೂರಿಗೆ ರೈಲು ಬಂದ ಮೇಲೆ ಮುಂಬಯಿಯ ಸರಕು ಈ ತಾಲ್ಲೂಕುಗಳ ಸಂತೆಗೆ ತಲುಪಲು ತಡವಾಗಲಿಲ್ಲ. 52 ಎಲೆ, ರಂಗುಗಳಿಗೆ ಎರಡೇ ಬಣ್ಣ, ಹಳದಿಯ ರಂಗೇ ಇಲ್ಲ. ಅದೇ ಕಾಲದಲ್ಲಿ ಕಾರ್ಖಾನೆಯ ಕ್ರೋಮ್ ಹಳದಿ ಅರದಾಳದ ಜಾಗ ಹಿಡಿಯಿತು. ಅರೆಯುವ ಶ್ರಮ ತಪ್ಪಿತು, ಮುಚ್ಚುವ ಶಕ್ತಿ ಹೆಚ್ಚಿತು. ಆದರೆ ಅದರಲ್ಲಿ ಸೀಸವಿತ್ತು, ವಿಷ ಮಾತ್ರ ತಪ್ಪಲಿಲ್ಲ.

ಗಂಜೀಫ ಪೂರ್ತಿ ಅಳಿಯಲಿಲ್ಲ. 1970ರ ದಶಕದಲ್ಲಿ ಮಹಾರಾಷ್ಟ್ರದ ಸಾವಂತವಾಡಿಯ ರಾಜಮನೆತನ ಅಲ್ಲಿನ ಚಿತಾರಿ ಎಂಬ ಚಿತ್ರಗಾರರ ಕೈಗೆ ಮತ್ತೆ ಕುಂಚ ಕೊಟ್ಟಿತು. ಮೈಸೂರು ಸೀಮೆಯಲ್ಲಿ ರಘುಪತಿ ಭಟ್ಟರು ಗಂಜೀಫವನ್ನೇ ಜೀವನದ ಕೆಲಸವಾಗಿಸಿಕೊಂಡರು. ಮೈಸೂರು ಗಂಜೀಫಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂತು. ಈಗಿನ ಎಲೆಗಳಲ್ಲಿ ಅಂಗಡಿಯ ಬಾಟಲಿಯ ಬಣ್ಣಗಳೂ ಬಳಕೆಯಲ್ಲಿವೆ, ಆದರೆ ಹಳದಿಯ ಕೆಳಗಿನ ಬಿಳಿ ಹಾಗೆಯೇ ಇದೆ.

ಬಿಳಿಯ ಮೇಲೆ ಹಳದಿ ಹಚ್ಚುವ ಇದೇ ಕ್ರಮ ಇನ್ನೊಂದು ಕಸುಬಿನಲ್ಲೂ ಇದೆ. ಮೇಜಿನ ಮೇಲೆ ಕಾಯಿಗಳಿಂದ ಆಡುವ ಯುದ್ಧದಾಟ, ಕಥೆಯಾಟಗಳು ಪಶ್ಚಿಮದಲ್ಲಿ ಬೇರೆ ದಾರಿಯಿಂದ ಬೆಳೆದವು. ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ನಲ್ಲಿ ಸೀಸದ ಸೈನಿಕರ ಆಟಕ್ಕೆ ನಿಯಮ ಬರೆದ. 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’, 1983ರಲ್ಲಿ ‘ವಾರ್‌ಹ್ಯಾಮರ್’ ಬಂದವು. ಈ ಆಟಗಳ, ಹೆಬ್ಬೆರಳಿನ ಅರ್ಧದಷ್ಟು ಎತ್ತರದ ಗೊಂಬೆಗೆ ಹಳದಿ ಅಂಗಿ ತೊಡಿಸುವವರು ಇಂದು ಮಾಡುವುದು ಹೀಗೆ: ಮೊದಲು ಬಿಳಿ ಅಥವಾ ತಿಳಿಗುಲಾಬಿ ಹಾಸು, ಮೇಲೆ ನೀರಾದ ಹಳದಿ ಎರಡೋ ಮೂರೋ ಸಲ, ಮಡಿಕೆಗಳ ಸಂದಿಗೆ ಕಾವಿ ಛಾಯೆಯ ಇನ್ನೊಂದು ತೆಳು ಲೇಪ. ಎರಡು ಕಸುಬುಗಳ ನಡುವಿನ ವ್ಯತ್ಯಾಸ ಮೇಲ್ಮೈಯದು. ಅಚ್ಚಿನ ಗೊಂಬೆಗೆ ನಿಜವಾದ ತಗ್ಗುಗಳಿವೆ, ನೀರಾದ ಬಣ್ಣ ತಾನೇ ಅಲ್ಲಿಗೆ ಇಳಿದು ನೆರಳಾಗುತ್ತದೆ. ಚಪ್ಪಟೆ ಎಲೆಯ ಮೇಲೆ ತಗ್ಗಿಲ್ಲ. ಅಲ್ಲಿ ನೆರಳು ಬೀಳಿಸುವುದು ಬೊಟ್ಟಿನ ಅಂಚಿನಲ್ಲಿ ನಿಂತ ಹನಿ ಮತ್ತು ಅದರ ಸುತ್ತ ಎಳೆದ ಇಂಗಳೀಕದ ಕೂದಲೆಳೆ ಗೆರೆ.